ಗರ ಬದಲಾದರೆ ನಿಯಮದ ಗುಣವೂ ಬದಲು

ಪಾತ್ರ ವಹಿಸಿ ಆಡುವ ಮೇಜಿನ ಆಟಗಳಲ್ಲಿ, ಅಂದರೆ ಆಟಗಾರರು ಒಂದೊಂದು ಪಾತ್ರವಾಗಿ ಮಾತಾಡುತ್ತ, ಸಂದೇಹದ ಪ್ರಸಂಗಗಳನ್ನು ದಾಳ ಉರುಳಿಸಿ ತೀರ್ಮಾನಿಸುತ್ತ ಕಥೆ ಕಟ್ಟುವ ಆಟಗಳಲ್ಲಿ, ಒಂದರ ನಿಯಮವನ್ನು ಇನ್ನೊಂದಕ್ಕೆ ತರುವ ರೂಢಿ ಹಳೆಯದು, ಒಳ್ಳೆಯದು ಕೂಡ. ಆದರೆ ದಾಳವನ್ನು ಬರೀ ಅಲಂಕಾರವೆಂದು ಬಗೆದು, ಯಾವ ನಿಯಮವನ್ನಾದರೂ ಯಾವ ದಾಳಕ್ಕಾದರೂ ಕಟ್ಟಬಹುದೆನ್ನುವ ಪಂಥವೊಂದಿದೆ. ಆ ವಾದ ಎಷ್ಟು ಟೊಳ್ಳೆಂಬುದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಚೌಕಾಬಾರಾ ಆಡಿ ಬೆಳೆದವರಿಗೆ ಹೇಳಿಕೊಡದೆಯೇ ತಿಳಿಯುತ್ತದೆ.

ಇಪ್ಪತ್ತೈದು ಮನೆಗಳ ಆ ಆಟದಲ್ಲಿ ಕಾಯಿ ಹೊರಸುತ್ತಿನ 16 ಮನೆಗಳನ್ನೂ ಒಳಸುತ್ತಿನ 8 ಮನೆಗಳನ್ನೂ ಹಾದು ನಡುಮನೆಯಲ್ಲಿ ಹಣ್ಣಾಗುತ್ತದೆ. ಗರ, ಎಂದರೆ ಎಸೆತಕ್ಕೆ ಬೀಳುವ ಎಣಿಕೆ, ನಾಲ್ಕು ಕವಡೆಗಳಿಂದ ಇಲ್ಲವೆ ಒಂದು ಮಗ್ಗುಲು ತೇಯ್ದ ನಾಲ್ಕು ಹುಣಸೆ ಬೀಜಗಳಿಂದ ಹುಟ್ಟುತ್ತದೆ. ನಾಲ್ಕೂ ಅಂಗಾತ ಬಿದ್ದರೆ ಚೌಕಾ, ನಾಲ್ಕೂ ಬೋರಲಾದರೆ ಎಂಟರ ಬಾರಾ, ಎರಡಕ್ಕೂ ಮತ್ತೊಂದು ಎಸೆತದ ಬಹುಮಾನ. ಕವಡೆಯ ಎರಡು ಮಗ್ಗುಲೂ ಸಮನಾಗಿ ಬೀಳುತ್ತವೆಂದು ಹಿಡಿದರೆ, ಒಟ್ಟು 16 ಬಗೆಗಳಲ್ಲಿ ಎರಡರ ಗರಕ್ಕೆ 6, ಒಂದಕ್ಕೂ ಮೂರಕ್ಕೂ ತಲಾ 4, ಚೌಕಾ ಬಾರಾಗಳಿಗೆ ತಲಾ 1 ಸಲ್ಲುತ್ತವೆ. ಆದುದರಿಂದಲೇ ಪಳಗಿದ ಆಟಗಾರ ತನ್ನ ಕಾಯಿಯನ್ನು ಕಡಿಯಲು ಎರಡು ಮನೆ ಹಿಂದೆ ಕಾದಿರುವ ಎದುರಾಳಿಗೆ ಹೆಚ್ಚು ಅಂಜುತ್ತಾನೆ, ನಾಲ್ಕು ಮನೆ ಹಿಂದಿರುವವನಿಗೆ ಅಷ್ಟಾಗಿ ಅಂಜುವುದಿಲ್ಲ. ಈಗ ಕವಡೆಯ ಬದಲು, 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಲೂಡೊದ ಆರು ಮುಖದ ದಾಳವನ್ನು ತಂದು, 4ಕ್ಕೂ 6ಕ್ಕೂ ಮರು ಎಸೆತ ಕೊಟ್ಟರೆ, ಎಂಟಕ್ಕೊಮ್ಮೆ ಬರುತ್ತಿದ್ದ ಬಹುಮಾನ ಮೂರಕ್ಕೊಮ್ಮೆ ಬರುತ್ತದೆ, ಒಂದರಿಂದ ಆರರವರೆಗಿನ ದೂರಗಳೆಲ್ಲ ಒಂದು ಎಸೆತಕ್ಕೆ ಸಮನಾದ ಅಪಾಯವಾಗುತ್ತವೆ, ಅಂಜಿಕೆಯ ಲೆಕ್ಕಾಚಾರವೇ ಅಳಿಸಿಹೋಗುತ್ತದೆ.

ಪಾತ್ರದ ಆಟಗಳಲ್ಲಿಯೂ ಇದೇ ಸಂಗತಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ದಾಳಿಯ ಫಲವನ್ನು ಇಪ್ಪತ್ತು ಮುಖಗಳ ದಾಳದಿಂದ ಅಳೆಯುತ್ತದೆ, ಅಲ್ಲಿ ಒಂದು ಅಂಕದ ನೆರವು ಸಾಮಾನ್ಯವಾಗಿ ಶೇಕಡಾ 5ರಷ್ಟು ಲಾಭವೇ. 1986ರ ಗರ್ಪ್ಸ್ ಆಟದಲ್ಲಾದರೋ ಮೂರು ದಾಳಗಳ ಮೊತ್ತ ಪಾತ್ರದ ನೈಪುಣ್ಯದ ಅಂಕವನ್ನು ಮೀರಬಾರದು. ಆ ಅಂಕ 10ರಿಂದ 11ಕ್ಕೆ ಏರಿದರೆ ಗೆಲುವಿನ ಸಂಭವ ಶೇಕಡಾ 50ರಿಂದ 62.5ಕ್ಕೆ ಜಿಗಿಯುತ್ತದೆ, 15ರಿಂದ 16ಕ್ಕೆ ಏರಿದರೆ ಶೇಕಡಾ 3ರಷ್ಟೂ ಹೆಚ್ಚುವುದಿಲ್ಲ. ಅಲ್ಲಿಯ ಒಂದು ಅಂಕವನ್ನು ಇಲ್ಲಿಗೆ ಹಾಗೆಯೇ ಎತ್ತಿ ತಂದವರು ಹೆಸರನ್ನು ತಂದಿರುತ್ತಾರೆ, ಬೆಲೆಯನ್ನು ತಂದಿರುವುದಿಲ್ಲ.

ದಾಳದ ಲೆಕ್ಕ ಇಷ್ಟಕ್ಕೆ ಸಾಕು, ಏಕೆಂದರೆ ಎರವಲಿನ ಇನ್ನೂ ದೊಡ್ಡ ಪಾಠ ಕಾಗವಾಡದ ಮಗ್ಗುಲಲ್ಲೇ, ಸಾಂಗಲಿಯಲ್ಲಿ ದೊರೆಯುತ್ತದೆ. 1842ರಲ್ಲಿ ಉತ್ತರ ಕನ್ನಡದ ಭಾಗವತ ಮೇಳವೊಂದು ಅಲ್ಲಿಯ ಅರಸರೆದುರು ಯಕ್ಷಗಾನ ಆಡಿತು. ಅದರ ಪ್ರೇರಣೆಯಿಂದ ಮರುವರ್ಷ ವಿಷ್ಣುದಾಸ ಭಾವೆಯವರು ಮರಾಠಿಯಲ್ಲಿ ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರು. ಪದ್ಯ ಹಾಡಿ ಕಥೆ ನಡೆಸುವ ಭಾಗವತನ ಹೊಣೆಯನ್ನು ಅವರು ಸೂತ್ರಧಾರನಿಗೆ ಒಪ್ಪಿಸಿ, ಪದ್ಯದ ಬೆನ್ನಿಗೆ ಆಶುವಾಗಿ ಮಾತು ಹೆಣೆಯುವ ಸ್ವಾತಂತ್ರ್ಯವನ್ನು ನಟರಿಗೆ ಉಳಿಸಿದರು. ಪಾತ್ರದ ಆಟದಲ್ಲಿ ಸನ್ನಿವೇಶ ಒಡ್ಡುವ ನಿರ್ವಾಹಕನಿಗೂ ಉತ್ತರ ಹೆಣೆಯುವ ಆಟಗಾರನಿಗೂ ನಡುವಿನ ಒಪ್ಪಂದ ಇದಕ್ಕೆ ತೀರ ಸಮೀಪದ್ದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರ ‘ಸಂಗೀತ ಶಾಕುಂತಲ’ದಲ್ಲಿ ಹಾಡನ್ನು ಪಾತ್ರಗಳ ಬಾಯಿಗೇ ಕೊಟ್ಟರು. ಹಾಡುವ ಹೊಣೆ ಕೈ ಬದಲಾದೊಡನೆ ಸೂತ್ರಧಾರನ ಹಿಡಿತ ಸಡಿಲಿತು, ಹಾಡಬಲ್ಲ ನಟನಿಗೆ ಬೆಲೆ ಬಂದಿತು.

ಭಾವೆ, ಕಿರ್ಲೋಸ್ಕರರಿಬ್ಬರೂ ಆಟದಲ್ಲಿ ಯಾರ ಕೈಯಲ್ಲಿ ಏನಿರಬೇಕೆಂಬುದನ್ನು ಹೊಸದಾಗಿ ತೂಗಿ ನೋಡಿದರು. ನಿಯಮವೊಂದನ್ನು ಎರವಲು ತರುವವರು, ಅದು ತನ್ನ ಮೂಲ ಆಟದಲ್ಲಿ ಯಾರಿಗೆ ಬಲ ಕೊಡುತ್ತಿತ್ತು, ಯಾರನ್ನು ಅಂಜಿಸುತ್ತಿತ್ತು ಎಂಬುದನ್ನು ಅರಿತು, ಅದೇ ಪರಿಣಾಮ ಹೊಸ ಆಟದಲ್ಲಿಯೂ ಹುಟ್ಟುವವರೆಗೆ ಅಂಕಿಗಳನ್ನು ತಿದ್ದುತ್ತಿರಬೇಕು. ಅಷ್ಟು ಶ್ರಮ ಒಲ್ಲದವರು ಮೂಲದ ಆಟವನ್ನೇ ಆಡುವುದು ಮೇಲು.