ವಿದ್ಯುದ್ವಾರಕ್ಕೆ ಕಾಣದ ಫ್ಲೋರೈಡ್

ಚಿತ್ರದುರ್ಗ ಜಿಲ್ಲೆಯ ಕುಡಿಯುವ ನೀರನ್ನು ಕುರಿತ ಯೋಜನಾ ಪ್ರಬಂಧಗಳಲ್ಲಿ ಒಂದು ಬಗೆಯ ಕೋಷ್ಟಕ ಪರಿಚಿತವಾದದ್ದು. ಎಡಕ್ಕೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳ ಹೆಸರು, ಬಲಕ್ಕೆ ಕೊಳವೆ ಬಾವಿಯ ನೀರಿನಲ್ಲಿರುವ ಫ್ಲೋರೈಡ್. ಕೆಳಗೊಂದು ಸಾಲು: ‘ಅಯಾನು ಆಯ್ಕೆಯ ವಿದ್ಯುದ್ವಾರದಿಂದ ಅಳೆಯಲಾಗಿದೆ’. ಅಳತೆಯ ವಿವರಣೆ ಅಲ್ಲಿಗೆ ಮುಗಿಯುತ್ತದೆ. ನಮ್ಮ ತಕರಾರು ಈ ಸಾಲಿನ ಬಗ್ಗೆಯೇ.

ಫ್ರಾಂಟ್ ಮತ್ತು ರಾಸ್ 1966ರಲ್ಲಿ ಪ್ರಕಟಿಸಿದ ಈ ವಿದ್ಯುದ್ವಾರ ಒಳ್ಳೆಯ ಸಾಧನವೇ. ಅದರ ತುದಿಯಲ್ಲಿರುವ ಲ್ಯಾಂಥನಂ ಫ್ಲೋರೈಡ್ ಹರಳಿನ ಮೂಲಕ ಫ್ಲೋರೈಡ್ ಅಯಾನುಗಳಷ್ಟೇ ಚಲಿಸಬಲ್ಲವು. ಕ್ಲೋರೈಡ್, ನೈಟ್ರೇಟ್, ಸಲ್ಫೇಟ್‌ಗಳು ಹರಳನ್ನು ಮೋಸಗೊಳಿಸಲಾರವು. ಹೆಚ್ಚು ಕ್ಷಾರೀಯ ನೀರಿನಲ್ಲಿ ಹೈಡ್ರಾಕ್ಸೈಡ್ ಮಾತ್ರ ಫ್ಲೋರೈಡಿನ ವೇಷದಲ್ಲಿ ಬಂದು ಅಂಕಿಯನ್ನು ಏರಿಸುತ್ತದೆ. ‘ಆಯ್ಕೆ’ ಎಂಬ ಹೆಸರು ಹೇಳುವುದು ಇಷ್ಟನ್ನೇ. ಆದರೆ ಅಡ್ಡಿ ಹರಳಿನ ಬಳಿ ಮಾತ್ರ ಹುಟ್ಟುವುದಿಲ್ಲ, ದ್ರಾವಣದಲ್ಲೇ ಹುಟ್ಟುತ್ತದೆ. ವಿದ್ಯುದ್ವಾರ ಎಣಿಸುವುದು ಬಿಡಿಯಾಗಿರುವ ಫ್ಲೋರೈಡನ್ನು. ಅಲ್ಯುಮಿನಿಯಂ ಅಥವಾ ಕಬ್ಬಿಣದ ಜೊತೆ ಸಂಕೀರ್ಣವಾಗಿ ಕಟ್ಟಿಕೊಂಡದ್ದು, ಆಮ್ಲೀಯ ನೀರಿನಲ್ಲಿ ಹೈಡ್ರೋಜನ್ ಫ್ಲೋರೈಡ್ ಆಗಿ ನಿಂತದ್ದು ಅದಕ್ಕೆ ಕಾಣದು. ಕುಡಿದವನ ಹೊಟ್ಟೆಗಾದರೋ ಎಲ್ಲವೂ ಸೇರುತ್ತದೆ.

ಇನ್ನೊಂದು ತೊಡಕು, ವಿದ್ಯುದ್ವಾರ ತೋರಿಸುವುದು ಸಾರತೆಯನ್ನಲ್ಲ, ಕ್ರಿಯಾಶೀಲತೆಯನ್ನು. ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿದ ಪ್ರಮಾಣ ದ್ರಾವಣದಿಂದ ಮೀಟರನ್ನು ಹೊಂದಿಸಿ, ಲೀಟರಿಗೆ ಸುಮಾರು 800 ಮಿಲಿಗ್ರಾಂ ಲವಣ ಕರಗಿರುವ ನೀರಿನಲ್ಲಿ ವಿದ್ಯುದ್ವಾರವನ್ನು ಅದ್ದಿದರೆ ಅಂಕಿ ಶೇಕಡ 13ರಷ್ಟು ಕಡಿಮೆ ಬರಬಹುದು. ಅಂದರೆ ನಿಜದ 1.6 ಮೀಟರಿನಲ್ಲಿ 1.4 ಆಗುತ್ತದೆ. ಭಾರತೀಯ ಮಾನಕ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಜಲಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಮಿತಿ ಮೀರಿದ ಬಾವಿ ಹೀಗೆ ಕಾಗದದ ಮೇಲೆ ಸುರಕ್ಷಿತವಾಗುತ್ತದೆ. 1.5 ಮತ್ತು 1.6ರ ನಡುವಿನ ಅಂತರ ಮೀಟರಿನಲ್ಲಿ 2 ಮಿಲಿವೋಲ್ಟನ್ನೂ ಮುಟ್ಟುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಇದಕ್ಕಿಂತ ಗಂಭೀರವಾದದ್ದು ಫ್ಲೋರೈಡ್ ತೆಗೆದ ನೀರಿನ ಪರೀಕ್ಷೆ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣ ಬಳಸುತ್ತಾರೆ, ಮನೆಬಳಕೆಯ ಕೆಲವು ಶೋಧಕಗಳಲ್ಲಿ ಸಕ್ರಿಯ ಅಲ್ಯುಮಿನ. ಎರಡರಲ್ಲೂ ಕೊಂಚ ಅಲ್ಯುಮಿನಿಯಂ ನೀರಿನಲ್ಲೇ ಉಳಿಯಬಹುದು. ಒಂದು ಅಲ್ಯುಮಿನಿಯಂ ಅಯಾನು ಎರಡು ಫ್ಲೋರೈಡನ್ನು ಹಿಡಿದರೆ, ಲೀಟರಿನಲ್ಲಿ ಅರ್ಧ ಮಿಲಿಗ್ರಾಂ ಅಲ್ಯುಮಿನಿಯಂ 0.7 ಮಿಲಿಗ್ರಾಂ ಫ್ಲೋರೈಡನ್ನು ಮರೆಮಾಡಬಲ್ಲದು. ಶುದ್ಧೀಕರಣ ಕೆಟ್ಟಷ್ಟೂ ಮೀಟರು ಅದನ್ನು ಮೆಚ್ಚುತ್ತದೆ! ಶೋಧಕದ ‘ಯಶಸ್ಸ’ನ್ನು ಇಂಥ ಅಂಕಿಯಿಂದ ಸಾರುವ ಪ್ರಬಂಧವನ್ನು ನಾವು ಒಪ್ಪಲಾರೆವು.

ಪರಿಹಾರ ಹೊಸದೇನಲ್ಲ. ಅದೇ ಫ್ರಾಂಟ್ ಮತ್ತು ರಾಸ್ 1968ರಲ್ಲೇ ತೋರಿಸಿಕೊಟ್ಟಿದ್ದಾರೆ. ಪ್ರಮಾಣ ದ್ರಾವಣಕ್ಕೂ ಮಾದರಿಗೂ ಸಮವಾಗಿ ಬೆರೆಸುವ ಒಂದು ಬಫರ್ ಅದು. ಅದರ ಅಸಿಟೇಟ್ ಪಿಎಚ್ ಅನ್ನು 5ರಿಂದ 5.5ರ ನಡುವೆ ನಿಲ್ಲಿಸುತ್ತದೆ, ಅಡಿಗೆ ಉಪ್ಪು ಲವಣದ ವ್ಯತ್ಯಾಸವನ್ನು ಮುಳುಗಿಸುತ್ತದೆ, ಸಿಟ್ರೇಟ್ ಅಥವಾ ಸಿಡಿಟಿಎ ಅಲ್ಯುಮಿನಿಯಂ, ಕಬ್ಬಿಣಗಳನ್ನು ಸೆಳೆದುಕೊಂಡು ಫ್ಲೋರೈಡನ್ನು ಬಿಡಿಸುತ್ತದೆ. ಸಿಡಿಟಿಎ ಸಿಟ್ರೇಟಿಗಿಂತ ಬಲಶಾಲಿ, ಬೆಲೆ ಮಾತ್ರ ಹೆಚ್ಚು. ಅಲ್ಯುಮಿನಿಯಂ ತನ್ನ ಹಿಡಿತ ಸಡಿಲಿಸಲು ಸಮಯ ಬೇಕು, ಬೆರೆಸಿದ ತಕ್ಷಣ ಓದುವುದು ಸಲ್ಲದು. ಬಣ್ಣದ ಪರೀಕ್ಷೆಗೆ ಹೊರಳಿದರೆ ಪಾರಾಗಬಹುದೆಂದೂ ತಿಳಿಯಬೇಡಿ. ಜಿರ್ಕೋನಿಯಂ ಬಣ್ಣ ವಿಧಾನಕ್ಕೂ ಅಲ್ಯುಮಿನಿಯಂ ಅಡ್ಡಿಯೇ.

ಅನುಮಾನವಿದ್ದರೆ ಪರೀಕ್ಷಿಸುವ ದಾರಿಯೂ ಸುಲಭ. ಮಾದರಿಗೆ ಲೀಟರಿಗೆ 1 ಮಿಲಿಗ್ರಾಂ ಆಗುವಷ್ಟು ಫ್ಲೋರೈಡ್ ಸೇರಿಸಿ ಮತ್ತೆ ಅಳೆಯಿರಿ. ಅಂಕಿ 0.6 ಮಾತ್ರ ಏರಿದರೆ ಉಳಿದ 0.4 ಎಲ್ಲೋ ಅಡಗಿದೆ ಎಂದರ್ಥ. ಮುಂದೆ ಕೋಷ್ಟಕ ಸಿದ್ಧಪಡಿಸುವ ಅಧ್ಯಾಪಕರು ಫ್ಲೋರೈಡಿನ ಪಕ್ಕದಲ್ಲೇ ಬಳಸಿದ ಬಫರ್, ಕಾದ ಸಮಯ, ಸೇರಿಸಿದ್ದರಲ್ಲಿ ಮರಳಿ ಸಿಕ್ಕ ಪಾಲು ಇವುಗಳಿಗೂ ಅಂಕಣ ಎಳೆಯಲಿ. ಶೋಧಕದ ನೀರಾದರೆ ಅಲ್ಯುಮಿನಿಯಂಗೂ ಒಂದು. ಅದರ ಮಿತಿ ಲೀಟರಿಗೆ 0.03 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 0.2.