ಹಿಟ್ಟಿನ ಕೋಳಿಯ ಕೂಗು

ನೀತಿಕಥೆ ಮಕ್ಕಳಿಗೆ ಮೀಸಲಾದುದೆಂಬ ಭಾವನೆ ಬಲವಾಗಿದೆ. ಆದರೆ ಹಿರಿಯರೇ ಮತ್ತೆ ಮತ್ತೆ ಓದಬೇಕಾದ ನೀತಿಕಥೆಗಳೂ ಉಂಟು. ಯಶೋಧರನ ಕಥೆ ಅವುಗಳಲ್ಲಿ ಅಗ್ರಗಣ್ಯವಾದುದು.

ದೇವಸುಗೂರಿನ ಬಳಿ ಕೃಷ್ಣೆಯನ್ನು ದಾಟಿದರೆ ತೆಲಂಗಾಣದ ನೆಲ. ಆ ನಾಡಿನ ಉತ್ತರ ಭಾಗದಲ್ಲಿ, ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿದ್ದ ಸೋಮದೇವಸೂರಿಯು ಕ್ರಿ.ಶ. ೯೫೯ರಲ್ಲಿ ಈ ಕಥೆಯನ್ನು 'ಯಶಸ್ತಿಲಕ'ವೆಂಬ ಸಂಸ್ಕೃತ ಚಂಪುವಾಗಿ ವಿಸ್ತರಿಸಿದನು. ವಾದಿರಾಜನ ಸಂಸ್ಕೃತ ಕಾವ್ಯವನ್ನು ಅನುಸರಿಸಿ ಜನ್ನನು ೧೨೦೯ರಲ್ಲಿ 'ಯಶೋಧರ ಚರಿತೆ'ಯನ್ನು ರಚಿಸಿ, ಕಥೆಯನ್ನು ಕನ್ನಡಿಗರ ಸ್ವತ್ತಾಗಿಸಿದನು.

ರಾಣಿ ಅಮೃತಮತಿ ಮಾವಟಿಗನಲ್ಲಿ ಅನುರಕ್ತಳಾದುದನ್ನು ಯಶೋಧರನು ಕಣ್ಣಾರೆ ಕಾಣುತ್ತಾನೆ. ಆ ನಿಜವನ್ನು ಕನಸಿನ ಮರೆಯಲ್ಲಿಟ್ಟು ತಾಯಿಗೆ ಹೇಳುತ್ತಾನೆ. ಚಂದ್ರಮತಿ ಅದನ್ನು ಅಪಶಕುನವೆಂದು ತಿಳಿದು ದೇವಿಗೆ ಬಲಿ ಕೊಡಬೇಕೆನ್ನುತ್ತಾಳೆ. ಮಗ ಒಪ್ಪದಿದ್ದಾಗ ಹಿಟ್ಟಿನ ಕೋಳಿ ಸಾಕೆನ್ನುತ್ತಾಳೆ. ಕತ್ತಿ ತಗುಲಿದೊಡನೆ ಆ ಕೋಳಿ ಕೂಗುತ್ತದೆ! ಮುಂದೆ ತಾಯಿ ಮಕ್ಕಳಿಬ್ಬರೂ ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ.

ಭಾವದಲ್ಲಿ ಕೊಂದರೂ ಹಿಂಸೆಯೇ ಎಂಬುದು ಸಾಮಾನ್ಯವಾಗಿ ಹೇಳುವ ಫಲಶ್ರುತಿ. ಅದು ಸತ್ಯ, ಆದರೆ ಅಷ್ಟೇ ಅಲ್ಲ. ಯಶೋಧರನು ಕ್ರೂರಿಯಲ್ಲ, ತಾಯಿಯ ಮಾತನ್ನು ಮೀರಲಾರದವನು. ಒಗಟಾಗಿ ನುಡಿದ ಮಾತನ್ನು ಕೇಳಿದವರು ಅಕ್ಷರಶಃ ಹಿಡಿದುದರಿಂದಲೇ ಅನರ್ಥ ಮೊದಲಾಯಿತು. ಸಂಕೋಚದಿಂದ ಅಮೃತಮತಿಯ ಪ್ರಸಂಗವನ್ನು ಕೈಬಿಟ್ಟ ಸಂಗ್ರಹಗಳಲ್ಲಿ ಕನಸಿನ ಕಾರಣವೇ ಅಳಿಸಿಹೋಗಿ, ಕಥೆ ಬರಿಯ ಬೆದರಿಕೆಯಾಗಿ ಉಳಿಯುತ್ತದೆ.

ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' (೧೯೮೦) ಈ ಕಥೆಯ ಮರುಹುಟ್ಟು. ಇಲ್ಲಿ ರಾಣಿಯೇ ಜೈನಳು. ಹಿಟ್ಟಿನ ಬಲಿಯೂ ಹಿಂಸೆಯೆಂದು ವಾದಿಸುವವಳು ಅವಳೇ. ಜನ್ನನು ಪಾತಕಿಯೆಂದು ಚಿತ್ರಿಸಿದವಳ ಬಾಯಲ್ಲಿ ಧರ್ಮದ ಪ್ರಶ್ನೆಯನ್ನಿಟ್ಟದ್ದು ಕೆಲವರಿಗೆ ಮುಜುಗರ ತರಬಹುದು. ಆದರೆ ಪ್ರಶ್ನೆ ನಮ್ಮದೇ. ಕೊರತೆ ಇರುವುದು ಬೇರೆಡೆ: ಎಲ್ಲವೂ ಒಂದೇ ರಾತ್ರಿಯೊಳಗೆ ಮುಗಿಯುವುದರಿಂದ ಜನ್ಮಜನ್ಮಾಂತರದಲ್ಲಿ ಪಕ್ವವಾಗುವ ಕರ್ಮದ ಭಾರ ನಾಟಕದಲ್ಲಿ ಅನುಭವಕ್ಕೆ ಬರುವುದಿಲ್ಲ. ಬಲಿಪೀಠದ ಮುಂದೆ ನಿಂತ ಅಭಯರುಚಿ ಅಭಯಮತಿಯರ ಕಥೆ ಕೇಳಿ ಮಾರಿದತ್ತನ ಮನ ತಿರುಗುವ ಶಾಂತಿಯೂ ದೊರೆಯುವುದಿಲ್ಲ. ಆದುದರಿಂದ ಮೊದಲು ಜನ್ನ, ಬಳಿಕ ಕಾರ್ನಾಡ ಎಂಬ ಕ್ರಮ ಉಚಿತ.

ಮೂರನೆಯದಾಗಿ ವೃತ್ತವಿಲಾಸನ 'ಧರ್ಮಪರೀಕ್ಷೆ'. ಅಮಿತಗತಿಯ ೧೦೧೪ರ ಸಂಸ್ಕೃತ ಕೃತಿಯನ್ನು ಆಧರಿಸಿದ, ಹದಿನಾಲ್ಕನೆಯ ಶತಮಾನದ ಈ ಗ್ರಂಥದಲ್ಲಿ ಮನೋವೇಗನು ಪಾಟಲೀಪುತ್ರದ ಪಂಡಿತರಿಗೆ ನಂಬಲಾಗದ ಕಟ್ಟುಕಥೆಗಳನ್ನು ಹೇಳುತ್ತಾನೆ. ಅವರು ಅಲ್ಲಗಳೆದಾಗ ಅವರ ಪುರಾಣಗಳಲ್ಲಿಯೇ ಅಂಥವನ್ನು ತೋರಿಸುತ್ತಾನೆ. ಓದಲು ವಿನೋದವಾಗಿದೆ. ಆದರೆ ಪರರನ್ನು ಕಂಡು ನಕ್ಕು ಪುಸ್ತಕ ಮುಚ್ಚುವವನು ಅರ್ಧವನ್ನೇ ಓದಿದಂತೆ. ಅದೇ ಪರೀಕ್ಷೆಗೆ ತನ್ನ ನಂಬಿಕೆಯನ್ನೂ ಒಡ್ಡಿದಾಗಲೇ ಓದು ಪೂರ್ಣವಾಗುತ್ತದೆ.

ಶಾಸ್ತ್ರದಾನವು ಶ್ರಾವಕಧರ್ಮದ ಅಂಗ. ಬಸದಿಗಳ ಆಡಳಿತ ಮಂಡಳಿಗಳು ಹಬ್ಬದ ದಿನಗಳಲ್ಲಿ ಹಂಚುವ ಕಿರುಹೊತ್ತಗೆಗಳೊಡನೆ ಈ ಮೂರು ಕೃತಿಗಳನ್ನೂ, ಜನ್ನನಿಗೆ ಸರಳವಾದ ಗದ್ಯಾನುವಾದವನ್ನೂ ಗ್ರಂಥಭಂಡಾರದಲ್ಲಿ ಇರಿಸಲಿ. ಮನೆಗಳಲ್ಲಿ ತಾಯಿ ಮಕ್ಕಳು ಕೂಡಿ ಕುಳಿತು ಓದಲಿ. ಯಶೋಧರನು ಕನಸಿನ ಮರೆಯಿಲ್ಲದೆ ತಾಯಿಯೊಡನೆ ಮಾತಾಡಿದ್ದರೆ ಆ ಕೋಳಿಯನ್ನು ಮಾಡುವ ಪ್ರಮೇಯವೇ ಬರುತ್ತಿರಲಿಲ್ಲ.