ಕೊಕ್ಕೆಯ ಬುಡದಲ್ಲಿ ಅಡಗಿದ ಕಾಲ

ಹಳೆಯ ಗಾಳದ ಎರೆಗಳ ಸಂಗ್ರಹಕ್ಕೆ ಹೊಸದಾಗಿ ಕೈಹಾಕಿದವರು ಸಾಮಾನ್ಯವಾಗಿ ಬಣ್ಣಕ್ಕೂ ಗಾಜಿನ ಕಣ್ಣಿಗೂ ಮರುಳಾಗುತ್ತಾರೆ. ಈ ಹವ್ಯಾಸದಲ್ಲಿ ನುರಿತವರಾದರೋ ಕೈಗೆ ಬಂದ ಎರೆಯನ್ನು ಮೊದಲು ಮಗುಚಿ, ಅದರ ಹೊಟ್ಟೆಗೆ ಕೊಕ್ಕೆಯನ್ನು ಯಾವ ಬಗೆಯಲ್ಲಿ ಬಿಗಿಯಲಾಗಿದೆ ಎಂಬುದನ್ನು ಪರೀಕ್ಷಿಸುತ್ತಾರೆ. ಇಲ್ಲಿ ಎರೆಯೆಂದರೆ ಮಣ್ಣಿನ ಹುಳುವಲ್ಲ. ಮೀನನ್ನು ವಂಚಿಸಿ ಸೆಳೆಯಲೆಂದು ಲೋಹ, ಮರ ಅಥವಾ ಪ್ಲಾಸ್ಟಿಕ್ಕಿನಿಂದ ರೂಪಿಸಿದ, ಲ್ಯೂರ್ ಎಂದು ಕರೆಯಲಾಗುವ ಕೃತಕ ಎರೆ. ಅದರಲ್ಲಿಯೂ ಮರದ ತುಂಡನ್ನು ಸಣ್ಣ ಮೀನಿನ ಅಥವಾ ಕಪ್ಪೆಯ ಆಕಾರಕ್ಕೆ ಕೆತ್ತಿ, ಬಣ್ಣ ಬಳಿದು, ಕೊಕ್ಕೆಗಳನ್ನು ತೂಗುಬಿಟ್ಟ ಬಗೆಗೆ ಪ್ಲಗ್ ಎಂಬ ಹೆಸರಿದೆ. ಅಮೆರಿಕದ ಸಂಗ್ರಾಹಕರು ಅತಿ ಹೆಚ್ಚು ಬೆನ್ನು ಹತ್ತಿರುವುದು ಇದೇ ಪ್ಲಗ್‌ಗಳನ್ನು, ಮುಖ್ಯವಾಗಿ ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಮಿಷಿಗನ್, ಇಂಡಿಯಾನಾ ಮತ್ತು ಒಹಾಯೊ ರಾಜ್ಯಗಳ ಸಣ್ಣಪುಟ್ಟ ಊರುಗಳಲ್ಲಿ ತಯಾರಾದವುಗಳನ್ನು.

ಈ ವಸ್ತು ಅಲ್ಲಿಯೇ ಹುಟ್ಟಿದ್ದಕ್ಕೆ ಕಾರಣವಿದೆ. ಇಂಗ್ಲೆಂಡಿನ ಟ್ರೌಟ್ ಗಾಳಗಾರಿಕೆಯಲ್ಲಿ ಗರಿ ಮತ್ತು ದಾರದಿಂದ ಕಟ್ಟಿದ ಹಗುರವಾದ ನೊಣವನ್ನು ದಾರದ ಭಾರದಿಂದಲೇ ಬೀಸಿ ಎಸೆಯುವ ಪದ್ಧತಿಯಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೆಂಟಕಿಯ ಗಡಿಯಾರ ತಯಾರಕರು, ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಉರುಳೆಯು ಹಲವು ಸುತ್ತು ತಿರುಗುವಂತಹ ಹಲ್ಲುಚಕ್ರದ ರೀಲುಗಳನ್ನು ಮಾಡತೊಡಗಿದ ಮೇಲೆ, ಗಿಡ್ಡ ಕೋಲಿನಿಂದ ಎರೆಯನ್ನು ದೂರಕ್ಕೆ ಎಸೆಯುವ ಹೊಸ ಪದ್ಧತಿ ಬೆಳೆಯಿತು. ಇದರಲ್ಲಿ ದಾರವನ್ನು ಎಳೆದುಕೊಂಡು ಹೋಗಬೇಕಾದದ್ದು ಎರೆಯೇ ಆದ್ದರಿಂದ ಅದಕ್ಕೆ ತಕ್ಕಷ್ಟು ತೂಕವಿರಬೇಕಾಗಿತ್ತು. ಜೀವಂತ ಕಪ್ಪೆ ಅಥವಾ ಮೀನುಮರಿ ಆ ತೂಕವನ್ನು ಕೊಡುತ್ತಿತ್ತಾದರೂ ಎರಡು ಮೂರು ಎಸೆತಗಳಲ್ಲಿಯೇ ಕೊಕ್ಕೆಯಿಂದ ಹರಿದುಹೋಗುತ್ತಿತ್ತು. ಹರಿಯದ ಕಪ್ಪೆಯೊಂದು ಬೇಕೆಂಬ ಈ ಸರಳ ಅಗತ್ಯವೇ ಮರದ ಪ್ಲಗ್‌ನ ಹುಟ್ಟಿಗೆ ಕಾರಣ.

ಮಿಷಿಗನ್ನಿನ ಡೊವಾಜಿಯಾಕ್ ಎಂಬ ಊರಿನ ಜೇಮ್ಸ್ ಹೆಡನ್ (1845-1911) ಈ ಕಥೆಯ ನಾಯಕ. ಊರಿನ ಕೆರೆಯ ದಂಡೆಯಲ್ಲಿ ಮಿತ್ರನಿಗಾಗಿ ಕಾಯುತ್ತಾ ಕುಳಿತಿದ್ದಾಗ ಆತನು ಹೊತ್ತುಗಳೆಯಲು ಒಂದು ಮರದ ತುಂಡನ್ನು ಕೆತ್ತಿ ನೀರಿಗೆ ಎಸೆದನೆಂದೂ, ಒಂದು ದೊಡ್ಡ ಬ್ಯಾಸ್ ಮೀನು ಅದರ ಮೇಲೆ ಎರಗಿದ್ದನ್ನು ಕಂಡು ಆತನಿಗೆ ಪ್ಲಗ್‌ನ ಕಲ್ಪನೆ ಹೊಳೆಯಿತೆಂದೂ ಹೇಳುವ ಐತಿಹ್ಯವು ಸಂಗ್ರಾಹಕರ ಎಲ್ಲ ಕೈಪಿಡಿಗಳಲ್ಲಿಯೂ ತಪ್ಪದೆ ಬರುತ್ತದೆ. ಇಂತಹ ಕಥೆಗಳನ್ನು ಕಂಪನಿಗಳ ಜಾಹೀರಾತಿನ ಭಾಗವೆಂದು ತಿಳಿದು ಓದುವುದೇ ಲೇಸು. ಅದಕ್ಕಿಂತ ಗಮನಾರ್ಹವಾದ ಸಂಗತಿಯೆಂದರೆ ಹೆಡನ್ ಮೂಲತಃ ಹೆಸರಾಂತ ಜೇನು ಸಾಕಣೆಗಾರನಾಗಿದ್ದು, ಬಿಚ್ಚಿ ಜೋಡಿಸಬಹುದಾದ ಜೇನುಪೆಟ್ಟಿಗೆಯೊಂದಕ್ಕೆ 1885ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಮರವನ್ನು ಅಳತೆಗೆ ಸರಿಯಾಗಿ ಕೊಯ್ಯುವುದು, ಬಿಡಿಭಾಗಗಳನ್ನು ಒಂದಕ್ಕೊಂದು ಹೊಂದಿಸುವುದು, ಪೇಟೆಂಟ್ ಕಾಗದಗಳನ್ನು ಸಿದ್ಧಪಡಿಸುವುದು, ಇವೆಲ್ಲವೂ ಆತನಿಗೆ ಅಭ್ಯಾಸವಾಗಿದ್ದವು. 1890ರ ದಶಕದ ಕೊನೆಯ ಹೊತ್ತಿಗೆ ಆತನು ಕೈಯಿಂದಲೇ ಕೆತ್ತಿದನೆಂದು ಹೇಳಲಾಗುವ ಕೆಲವು ಮರದ ಕಪ್ಪೆಗಳು ಇಂದಿಗೂ ಉಳಿದಿದ್ದು, ಈ ಹವ್ಯಾಸದಲ್ಲಿ ಅವುಗಳಿಗೆ ಸಲ್ಲುವ ಗೌರವವು ಮೂಲ ವಿಗ್ರಹಕ್ಕೆ ಸಲ್ಲುವಂಥದು. 1902ರಲ್ಲಿ ಕಾರ್ಖಾನೆಯ ತಯಾರಿಕೆ ಆರಂಭವಾಯಿತು.

ಕೊಕ್ಕೆಯ ಬುಡದ ವಿಚಾರ ಇಲ್ಲಿಂದಲೇ ಮೊದಲಾಗುತ್ತದೆ. ಅತ್ಯಂತ ಸುಲಭವಾದ ಜೋಡಣೆಯೆಂದರೆ ತಲೆಯಲ್ಲಿ ಬಳೆಯಿರುವ ಒಂದು ತಿರುಪು ಮೊಳೆಯನ್ನು ಮರಕ್ಕೆ ತಿರುಗಿಸಿ, ಆ ಬಳೆಗೆ ಮೂರು ಮುಳ್ಳಿನ ಕೊಕ್ಕೆಯನ್ನು ಸಿಕ್ಕಿಸುವುದು. ಆದರೆ ಎರೆಯನ್ನು ಎಸೆದು ಎಳೆದಾಗಲೆಲ್ಲ ಕೊಕ್ಕೆಯು ಅತ್ತಿಂದಿತ್ತ ತೂಗಿ ತನ್ನ ಚೂಪು ಮುಳ್ಳಿನಿಂದ ಪಕ್ಕೆಯ ಬಣ್ಣವನ್ನು ಗೀರುತ್ತಿತ್ತು. ಕೆಲವು ದಿನಗಳಲ್ಲಿಯೇ ಹೊಟ್ಟೆಯ ಇಕ್ಕೆಲದಲ್ಲಿ ಕಮಾನಿನಾಕಾರದ ಗೀರುಗಳು ಮೂಡಿ, ಅವುಗಳ ಮೂಲಕ ನೀರು ಇಳಿದು, ಮರ ಉಬ್ಬಿ, ಬಣ್ಣ ಚಕ್ಕೆಯೇಳುತ್ತಿತ್ತು. ಹೆಡನ್ ಕಂಪನಿಯು ಕಂಡುಕೊಂಡ ಮೊದಲ ಪರಿಹಾರವೆಂದರೆ ಮರದಲ್ಲಿ ದುಂಡನೆಯ ಕುಳಿಯೊಂದನ್ನು ಕೊರೆದು, ಅದರೊಳಗೆ ಲೋಹದ ಪುಟ್ಟ ಬಟ್ಟಲನ್ನು ಕೂರಿಸಿ, ತಿರುಪು ಮೊಳೆಯನ್ನು ಆ ಬಟ್ಟಲಿನ ತಳದಲ್ಲಿ ಬಿಗಿಯುವುದು. ಹೀಗೆ ಮಾಡಿದಾಗ ಕೊಕ್ಕೆಯ ಬುಡ ಒಳಸರಿಯುತ್ತಿತ್ತು, ಕೊಕ್ಕೆಯ ದಂಡಿಗೆ ಬಟ್ಟಲಿನ ಅಂಚು ತಡೆಯಾಗಿ ಅದರ ಓಲಾಟ ತಗ್ಗುತ್ತಿತ್ತು. 1910ರ ದಶಕದ ಉತ್ತರಾರ್ಧದಿಂದ ಬಟ್ಟಲಿನ ಜೊತೆಗೆ ಇಂಗ್ಲಿಷಿನ ಎಲ್ ಅಕ್ಷರದಂತೆ ಬಾಗಿಸಿದ ಲೋಹದ ತುಂಡೊಂದು ಕಾಣಿಸಿಕೊಳ್ಳುತ್ತದೆ. ಸಂಗ್ರಾಹಕರು ಇದನ್ನು ಎಲ್-ರಿಗ್ ಎನ್ನುತ್ತಾರೆ. 1930ರ ದಶಕದಲ್ಲಿ ಕುಳಿ ಕೊರೆಯುವ ಶ್ರಮವನ್ನು ಬಿಟ್ಟು, ಎರಡು ತಗಡಿನ ತುಣುಕುಗಳನ್ನು ಮರದ ಮೇಲ್ಮೈಗೆ ಸಣ್ಣ ತಿರುಪುಗಳಿಂದ ಬಿಗಿಯುವ ಪದ್ಧತಿ ಬಂದಿತು. ಅದರ ಆಕಾರವನ್ನು ಕಂಡು ಅಮೆರಿಕದ ಸಂಗ್ರಾಹಕರು ಅದಕ್ಕೆ ಶೌಚಾಲಯದ ಕಮೋಡಿನ ಆಸನದ ಹೆಸರನ್ನೇ ಇಟ್ಟಿದ್ದಾರೆ. ಸಾವಿರಾರು ಡಾಲರ್ ಬೆಲೆಯ ವಸ್ತುವಿನ ವಿವರಣೆಯಲ್ಲಿ ಹರಾಜು ಸಂಸ್ಥೆಗಳು ಈ ಹೆಸರನ್ನು ಗಂಭೀರವಾಗಿಯೇ ಮುದ್ರಿಸುವುದು ಈ ಹವ್ಯಾಸದ ವಿನೋದಗಳಲ್ಲೊಂದು. ತರುವಾಯ ಎರಡು ತುಣುಕುಗಳ ಕೆಲಸವನ್ನು ಒಂದೇ ತಗಡಿನಿಂದ ಮುಗಿಸುವ ಅಗ್ಗದ ಜೋಡಣೆ ಬಳಕೆಗೆ ಬಂದಿತು.

ಮೇಲಿನ ಅನುಕ್ರಮವು ಕಂಠಪಾಠವಾಗಿದ್ದರೆ ಸಾಕು, ಹೆಡನ್ ಎರೆಯೊಂದರ ವಯಸ್ಸನ್ನು ಹತ್ತು ಹದಿನೈದು ವರ್ಷಗಳ ಅಂತರದೊಳಗೆ ಹೇಳಲು ಸಾಧ್ಯವಾಗುತ್ತದೆ. ಬಣ್ಣಗಳ ಹೆಸರು ದಶಕಗಟ್ಟಲೆ ಬದಲಾಗದೆ ಉಳಿದದ್ದುಂಟು, ಆಕಾರಗಳು ಮರಳಿ ಮರಳಿ ಬಂದದ್ದುಂಟು. ಆದರೆ ಲೋಹದ ಭಾಗಗಳನ್ನು ಒತ್ತುವ ಅಚ್ಚು ಬದಲಾದ ಮೇಲೆ ಹಿಂದಿನ ಅಚ್ಚಿಗೆ ಮರಳುವುದು ಕಾರ್ಖಾನೆಗೆ ಲಾಭದ ಮಾತಲ್ಲ. ಒಂದು ಎಚ್ಚರಿಕೆ ಮಾತ್ರ ಅವಶ್ಯಕ: ಉಗ್ರಾಣದಲ್ಲಿ ಉಳಿದ ಹಳೆಯ ಬಟ್ಟಲುಗಳು ಮುಗಿಯುವವರೆಗೂ ಬಳಕೆಯಾಗುತ್ತಿದ್ದುದರಿಂದ, ಎರೆಯು ಯಾವ ಕಾಲಕ್ಕಿಂತ ಹಿಂದಿನದಲ್ಲ ಎಂಬುದನ್ನು ಲೋಹದ ಜೋಡಣೆ ಖಚಿತವಾಗಿ ಹೇಳುತ್ತದೆಯೇ ಹೊರತು ಯಾವ ಕಾಲಕ್ಕಿಂತ ಈಚಿನದಲ್ಲ ಎಂಬುದನ್ನು ಅಷ್ಟೇ ಖಚಿತವಾಗಿ ಹೇಳಲಾರದು. ಎರೆಯ ಮುಂದೆಯೋ ಹಿಂದೆಯೋ ಇರುವ, ನೀರಿನಲ್ಲಿ ತಿರುಗಿ ಗುಳ್ಳೆಯೆಬ್ಬಿಸುವ ಪುಟ್ಟ ಲೋಹದ ಪಂಖಗಳನ್ನೂ ಇದರೊಡನೆ ನೋಡಬೇಕು. ಮೊದಲ ಕಾಲದ ಪಂಖಗಳ ಮೇಲೆ ಯಾವ ಬರಹವೂ ಇಲ್ಲ, ಅನಂತರದವುಗಳ ಮೇಲೆ ಕಂಪನಿಯ ಮತ್ತು ಊರಿನ ಹೆಸರುಗಳನ್ನು ಒತ್ತಲಾಗಿದೆ.

ಸಂಗ್ರಾಹಕರು ದೊಡ್ಡ ಐವರೆಂದು ಗುಂಪುಮಾಡುವ ತಯಾರಕರಲ್ಲಿ ಹೆಡನ್ ಜೊತೆಗೆ ಕಲಮಜೂವಿನ ಶೇಕ್ಸ್‌ಪಿಯರ್, ಒಹಾಯೊದ ಆಕ್ರನ್ನಿನ ಫ್ಲೂಗರ್, ಇಂಡಿಯಾನಾದ ಸೌತ್ ಬೆಂಡ್ ಮತ್ತು ಗ್ಯಾರೆಟ್ ಊರಿನ ಕ್ರೀಕ್ ಚಬ್ ಸೇರುತ್ತಾರೆ. ಒಬ್ಬರ ಪೇಟೆಂಟಿಗೆ ಇನ್ನೊಬ್ಬರು ಕೈಹಚ್ಚುವಂತಿರಲಿಲ್ಲವಾದ ಕಾರಣ ಒಂದೇ ತೊಡಕಿಗೆ ಬೇರೆ ಬೇರೆ ಪರಿಹಾರಗಳು ಹುಟ್ಟಿಕೊಂಡವು. ಶೇಕ್ಸ್‌ಪಿಯರ್ ಕಂಪನಿಯ ಕೆಲವು ಹಳೆಯ ಎರೆಗಳಲ್ಲಿ ಒಂದು ಪಕ್ಕೆಯಿಂದ ಇನ್ನೊಂದು ಪಕ್ಕೆಗೆ ಆರಪಾರ ರಂಧ್ರ ಕೊರೆದು, ಎರಡೂ ಕಡೆಯ ಕೊಕ್ಕೆಗಳನ್ನು ಒಂದೇ ತಂತಿಯಿಂದ ಬಂಧಿಸಲಾಗಿದ್ದು, ಬೆಳಕಿಗೆ ಹಿಡಿದರೆ ರಂಧ್ರದ ಆಚೆಯದು ಕಾಣುತ್ತದೆ. ಫ್ಲೂಗರ್‌ನವರು 1911ರಲ್ಲಿ ಪೇಟೆಂಟ್ ಪಡೆದ ನೆವರ್‌ಫೇಲ್ ಎಂಬ ಜೋಡಣೆಯನ್ನು ಬಳಸಿದರು. ಹೆಸರಿನ ಮುದ್ರೆಯಿಲ್ಲದ ಎರೆಯನ್ನು ಯಾರು ಮಾಡಿದರೆಂದು ಗುರುತಿಸಲು ಈ ವ್ಯತ್ಯಾಸಗಳೇ ಆಧಾರ.

ಬಣ್ಣವನ್ನು ಕಡೆಗಣಿಸಬೇಕೆಂದು ಇದರ ಅರ್ಥವಲ್ಲ. ಬೆಲೆಯನ್ನು ನಿರ್ಧರಿಸುವುದು ಕೊನೆಗೂ ಬಣ್ಣದ ಸ್ಥಿತಿಯೇ. ಹೆಡನ್ ಕಾರ್ಖಾನೆಯ ದೇವದಾರು ಮರದ ಎರೆಗಳ ಮೇಲೆ ಬಿಳಿಯ ತಳಬಣ್ಣ, ಮೇಲುಬಣ್ಣ ಮತ್ತು ಪಾರದರ್ಶಕ ಮೆರುಗೆಣ್ಣೆಗಳ ಹಲವು ಲೇಪಗಳಿರುತ್ತವೆ. ಆ ಕಂಪನಿಯ ಕ್ರ್ಯಾಕಲ್‌ಬ್ಯಾಕ್ ಎಂಬ ಹಸಿರು ಅಲಂಕಾರದಲ್ಲಿ ಬೆನ್ನಿನ ಮೇಲೆ ಬೇಸಗೆಯ ಕೆರೆಯಂಗಳ ಬಿರಿದಂತೆ ಬಿರುಕುಗಳ ಬಲೆಯೊಂದು ಕಾಣುತ್ತದೆ. ಅದು ವಯಸ್ಸಿನ ಗುರುತಲ್ಲ. ಮೇಲಿನ ಲೇಪವು ಕೆಳಗಿನದಕ್ಕಿಂತ ಬೇಗನೆ ಕುಗ್ಗಿ ಒಡೆಯುವಂತೆ ಬೇಕೆಂದೇ ಮಾಡಿದ ಕುಸುರಿ. ನಿಜವಾದ ವಯಸ್ಸಿನ ಬಿರುಕು ಮೆರುಗೆಣ್ಣೆಯಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಓಡುತ್ತದೆ, ಗಾಜಿನ ಕಣ್ಣುಗಳ ಸುತ್ತ ಮರ ಹಿಗ್ಗಿ ಕುಗ್ಗಿದಲ್ಲಿ ಕಿರಣಗಳಂತೆ ಹರಡುತ್ತದೆ. ಈ ಕಿರಣಗಳು ಒಂದೂ ಇಲ್ಲದ, ಆದರೆ ಲೋಹದ ಭಾಗಗಳು ಮಾತ್ರ ಕಂದಿರುವ ಎರೆಯನ್ನು ಅನುಮಾನದಿಂದಲೇ ನೋಡಬೇಕು. ಮರುಬಣ್ಣ ಬಳಿದವನು ಸಾಮಾನ್ಯವಾಗಿ ಸಿಕ್ಕಿಬೀಳುವುದು ಬಟ್ಟಲಿನ ಅಂಚಿನಲ್ಲಿ: ಕಾರ್ಖಾನೆಯಲ್ಲಿ ಮೊದಲು ಬಣ್ಣ, ಆಮೇಲೆ ಲೋಹ, ಮರುಬಣ್ಣದಲ್ಲಿ ಲೋಹವನ್ನು ಬಿಚ್ಚುವ ಧೈರ್ಯವಿಲ್ಲದೆ ಸುತ್ತಲೂ ಬಳಿದುದರಿಂದ ಅಂಚಿನ ಮೇಲೆ ಬಣ್ಣದ ಸಣ್ಣ ಏರಿ ಉಳಿದಿರುತ್ತದೆ. ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದರೆ ಹೊಸ ಬಣ್ಣವು ಹಳೆಯದಕ್ಕಿಂತ ಬೇರೆಯಾಗಿ ಹೊಳೆಯುವುದೂ ಉಂಟು. ಮಾಸಿದ ಎರೆಯನ್ನು ತಿಕ್ಕಿ ತೊಳೆದು ಹೊಸದಾಗಿಸುವ ಹುಮ್ಮಸ್ಸಿನಷ್ಟು ಹಾನಿಯನ್ನು ಮೀನುಗಳೂ ಮಾಡಿಲ್ಲವೆನ್ನಬೇಕು.

ಬೆಲೆಯ ಮಾತಿಗೆ ಬಂದರೆ ಅತಿ ಪ್ರಸಿದ್ಧವಾದ ಉದಾಹರಣೆ ಪ್ಲಗ್ ಅಲ್ಲ, ಲೋಹದ್ದು. ಒಹಾಯೊದ ಪೇನ್ಸ್‌ವಿಲ್‌ನ ರೈಲಿ ಹ್ಯಾಸ್ಕೆಲ್ ಎಂಬ ಕುಶಲಕರ್ಮಿಯು 1859ರಲ್ಲಿ ಪೇಟೆಂಟ್ ಪಡೆದ ಮೀನಿನಾಕಾರದ ಎರೆಯ, ಹತ್ತು ಅಂಗುಲ ಉದ್ದದ ತಾಮ್ರದ ದೈತ್ಯ ಮಾದರಿಯೊಂದು 2003ರ ಹರಾಜಿನಲ್ಲಿ 1,01,200 ಡಾಲರಿಗೆ ಹೋಯಿತು. ಅದರಿಂದ ಪತ್ರಿಕೆಗಳಲ್ಲಿ ಸುದ್ದಿಯಾಯಿತೇ ಹೊರತು ಸಾಮಾನ್ಯ ಸಂಗ್ರಾಹಕನಿಗೆ ಪ್ರಯೋಜನವಾದಂತೆ ಕಾಣದು. ಅಟ್ಟದಲ್ಲಿ ಸಿಕ್ಕಿದ ಪ್ರತಿಯೊಂದು ತುಕ್ಕುಹಿಡಿದ ಎರೆಗೂ ಜನ ಬಂಗಾರದ ಬೆಲೆ ಹೇಳತೊಡಗಿದರು. ಮೂಲ ಪೆಟ್ಟಿಗೆಯ ವ್ಯಾಮೋಹವೂ ಇಂಥದೇ. ಆರಂಭದ ಕಾಲದ, ಜಾರುಮುಚ್ಚಳವಿರುವ ಮರದ ಪೆಟ್ಟಿಗೆ ಸುಂದರವಾದ ವಸ್ತುವೇ ಸರಿ. ಆದರೆ ಖಾಲಿ ರಟ್ಟಿನ ಪೆಟ್ಟಿಗೆಗೂ ಬೆಲೆ ಬಂದ ಮೇಲೆ ಯಾವುದೋ ಎರೆಯನ್ನು ಯಾವುದೋ ಪೆಟ್ಟಿಗೆಯಲ್ಲಿಟ್ಟು ಜೋಡಿಯೆಂದು ಮಾರುವುದು ಹೆಚ್ಚಾಯಿತು. ಪೆಟ್ಟಿಗೆಯ ತುದಿಯಲ್ಲಿ ಒತ್ತಿದ ಸಂಖ್ಯೆಯು ಎರೆಯ ಮಾದರಿಗೂ ಬಣ್ಣಕ್ಕೂ ಹೊಂದುತ್ತದೆಯೇ ಎಂದು ನೋಡುವುದು ಕನಿಷ್ಠ ಪರೀಕ್ಷೆ. 1976ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಫಿಶಿಂಗ್ ಲ್ಯೂರ್ ಕಲೆಕ್ಟರ್ಸ್ ಕ್ಲಬ್ ಸ್ಥಿತಿಯನ್ನು ಅಳೆಯುವ ಸಾಮಾನ್ಯ ದರ್ಜೆಗಳನ್ನು ಬಳಕೆಗೆ ತಂದದ್ದರಿಂದ ಮಾರುವವರ ಮತ್ತು ಕೊಳ್ಳುವವರ ನಡುವೆ ಒಂದು ಸಮಾನ ಪರಿಭಾಷೆಯಾದರೂ ಉಂಟಾಗಿದೆ.

ಕರ್ನಾಟಕದ ನದಿಗಳಿಗೆ ಈ ಮರದ ಪ್ಲಗ್‌ಗಳ ಸಂಬಂಧ ಕಡಿಮೆ. ಇಲ್ಲಿನ ಗಾಳಗಾರಿಕೆಯ ಬರಹಕ್ಕೆ ಮಾತ್ರ ಹಳೆಯ ಚರಿತ್ರೆಯಿದೆ: ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿಯೇ ಮುದ್ರಣಗೊಂಡಿತು. ಮಹಶೀರ್ ಮೀನಿಗೆ ಬ್ರಿಟಿಷರು ಲೋಹದ ಚಮಚದಂತಹ ಎರೆಗಳನ್ನು ಬಳಸಿದರೆ, ಕಾವೇರಿಯ ದಂಡೆಯಲ್ಲಿ ಬೇಯಿಸಿದ ರಾಗಿ ಹಿಟ್ಟಿನ ಉಂಡೆಯೇ ಹೆಚ್ಚು ನಂಬಿಕೆಯದಾಗಿತ್ತು. ರಾಗಿ ಉಂಡೆಯನ್ನು ಯಾರೂ ಗಾಜಿನ ಕಪಾಟಿನಲ್ಲಿಡಲಾಗದ ಕಾರಣ ಆ ಪರಂಪರೆಯಿಂದ ಸಂಗ್ರಾಹಕರಿಗೆ ಉಳಿದದ್ದು ಏನೂ ಇಲ್ಲ.

ಕೂಡಿಸಿಟ್ಟದ್ದನ್ನು ಕಾಪಾಡುವ ವಿಷಯದಲ್ಲಿ ಒಂದೆರಡು ಮಾತು ಅಗತ್ಯ. 1930ರ ದಶಕದಿಂದ ಬಂದ, ಸೆಲ್ಯುಲೋಸ್‌ನಿಂದ ಮಾಡಿದ ಆರಂಭದ ಪ್ಲಾಸ್ಟಿಕ್ ಎರೆಗಳು ಕಾಲಕ್ರಮದಲ್ಲಿ ಸೊಟ್ಟಗಾಗಿ ಬಿರಿಯುವುದಲ್ಲದೆ, ಆಮ್ಲದ ಆವಿಯನ್ನು ಹೊರಬಿಟ್ಟು ಪಕ್ಕದ ಎರೆಗಳ ಕೊಕ್ಕೆಗಳಿಗೂ ತುಕ್ಕು ಹಿಡಿಸುತ್ತವೆ. ಅವುಗಳನ್ನು ಮರದವುಗಳಿಂದ ದೂರ, ಗಾಳಿಯಾಡುವ ಜಾಗದಲ್ಲಿ ಇಡಬೇಕು. ಈಚಿನ ಮೆದು ಪ್ಲಾಸ್ಟಿಕ್ಕಿನ ಹುಳುಗಳು ಹಳೆಯ ಬಣ್ಣಕ್ಕೆ ತಗುಲಿದರೆ ತಾಗಿದ ಜಾಗದ ಬಣ್ಣ ಕರಗಿ ಅಂಟುತ್ತದೆ.

ಕಡಿಮೆ ಹಣದಲ್ಲಿ ಆರಂಭಿಸಬಯಸುವವರಿಗೆ ಕ್ರೀಕ್ ಚಬ್ ಕಂಪನಿಯ ‘ಪೈಕಿ ಮಿನ್ನೋ’ ಎಂಬ ಮಾದರಿ ತಕ್ಕದ್ದು. ಹಲವು ದಶಕಗಳ ಕಾಲ ಅಪಾರ ಸಂಖ್ಯೆಯಲ್ಲಿ ತಯಾರಾದುದರಿಂದ ಗಾಜಿನ ಕಣ್ಣಿನ ಒಳ್ಳೆಯ ಪ್ರತಿಗಳು ಇನ್ನೂ ಕೈಗೆಟಕುವ ಬೆಲೆಯಲ್ಲಿ ಸಿಗುತ್ತವೆ. ಬಲೆಯೊಂದನ್ನು ಮೈಗೆ ಸುತ್ತಿ ಅದರ ಕಣ್ಣುಗಳ ಮೂಲಕ ಬಣ್ಣ ಸಿಂಪಡಿಸಿ ಮೂಡಿಸಿದ ಅದರ ಹುರುಪೆಯ ವಿನ್ಯಾಸವನ್ನು ಭೂತಗನ್ನಡಿಯಲ್ಲಿ ನೋಡುವುದೇ ಒಂದು ಸುಖ. ಅದರ ಬಾಯಿಯ ಕೆಳಗೆ ಚಾಚಿಕೊಂಡು ಎರೆಯನ್ನು ನೀರಿನಲ್ಲಿ ತೊನೆಯುವಂತೆ ಮಾಡುವ ಲೋಹದ ತುಟಿಯ ಮೇಲೆ ಕಂಪನಿಯ ಹೆಸರಿನೊಡನೆ 9-7-20 ಎಂಬ ಅಂಕಿಗಳಿರುತ್ತವೆ. ಮಾರುವವರು ಇದನ್ನು ತೋರಿಸಿ ಎರೆಯು 1920ರದೆಂದು ಹೇಳುವುದು ವಾಡಿಕೆಯಾಗಿದೆ. ಅದು ತುಟಿಯ ಪೇಟೆಂಟ್ ದೊರೆತ 1920ರ ಸೆಪ್ಟೆಂಬರ್ 7ರ ದಿನಾಂಕವಷ್ಟೇ. ಅದೇ ಮುದ್ರೆ ಅನಂತರದ ದಶಕಗಳ ಎರೆಗಳ ಮೇಲೆಯೂ ಇರುವುದರಿಂದ ಆ ಒಂದು ಕಾರಣಕ್ಕಾಗಿ ಹೆಚ್ಚಿನ ಹಣ ಕೊಡಬೇಕಾಗಿಲ್ಲ. ಮುದ್ರೆಯಿಲ್ಲದ ಬರಿಯ ತುಟಿಯು ಮೂಲದ್ದೇ ಆಗಿದ್ದರೆ ಮಾತ್ರ ಮಾರುವವನು ಅದನ್ನು ಗಮನಿಸುವ ಮೊದಲೇ ಕೊಂಡುಬಿಡುವುದು ಉಚಿತ.